ಸ್ಲೇಟು ಗುರುತು

ಜೀವನ್‌ಬಿಮಾ ನಗರ, ಬೆಂಗಳೂರು
೧೭ ಜುಲೈ ೧೯೯೪

ನಾಣಿ ಮಾಮನಿಗೆ ಶರ್ವಾಣಿಯ ನಮಸ್ಕಾರ.

ನೀವು ಗುಲ್ಬರ್ಗಾದ ವಿಮಾ ಕಚೇರಿಗೆ ವರ್ಗವಾಗಿ ಹೋದ ಮೇಲೆ ನಿಮ್ಮ ಈ ಮನೆ ನನಗೂ ಅಮ್ಮನಿಗೂ ದೊಡ್ಡದಾಗಿದೆ. ನೀವು ಓದುವ ಅನುವಾದದ ಕಾದಂಬರಿಗಳ ಬೀರುವಿನಲ್ಲಿ ಬೇವಿನೆಲೆ ಇಟ್ಟಿದ್ದೇನೆ. 'ನಾಣಿ ಅಲ್ಲಿ ಜೋಳದ ರೊಟ್ಟಿ ಅಗಿತಾನೋ ಇಲ್ವೋ' ಎಂದು ಅಮ್ಮ ಗೊಣಗುತ್ತಾಳೆ. ಅಗಿಯುತ್ತೀರೆಂದು ಒಂದು ಸಾಲು ಬರೆಯಿರಿ.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮರ್ಫಿ ಟೌನಿನ ನಮ್ಮ ಶಾಲೆಯ ಅಂಗಳದಲ್ಲಿ ಕಸದ ಲಾರಿಗಳನ್ನು ನಿಲ್ಲಿಸುತ್ತಾರೆಂದು ಹೇಳಿದ್ದೆನಲ್ಲ. ಮೊದಲು ಒಂದಿತ್ತು, ಈಗ ಸಾಲಾಗಿ ನಿಲ್ಲುತ್ತವೆ. ಮಕ್ಕಳು ಲಾರಿಗಳ ಸಂದಿಯಲ್ಲಿ ನಿಂತು ಪ್ರಾರ್ಥನೆ ಹೇಳುತ್ತಾರೆ. ಹೋದ ತಿಂಗಳು ಒಂದು ಲಾರಿ ಹಿಂದಕ್ಕೆ ಬಂದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳ ಪಾದದ ಮೇಲೆ ಚಕ್ರ ಹತ್ತಿತು. ಪಾದ ಉಳಿದಿದೆ, ಬೆರಳುಗಳು ಉಳಿಯಲಿಲ್ಲ.

ಮಾರನೆಯ ದಿನ ಅವಳ ಅಜ್ಜಿ ಇಮಾಮ್ ಬೀ ಶಾಲೆಗೆ ಬಂದರು. ಶಿವಾಜಿನಗರದ ಟೈಲರುಗಳಿಗೆ ಅಂಗಿಯ ಗುಂಡಿಗೆ ಕಾಜಾ ಹೊಲಿದುಕೊಡುವ ಹೆಂಗಸು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. 'ಅರ್ಜಿ ಬರೀರಿ ಟೀಚರಮ್ಮಾ, ನಾವೆಲ್ಲಾ ಒತ್ತೀವಿ' ಎಂದರು. ಬರೆದೆ. ತಾಯಂದಿರು, ಅಜ್ಜಿಯರು ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಇಮಾಮ್ ಬೀ, ಸೊಪ್ಪು ಮಾರುವ ಅಕ್ಕಯಮ್ಮ, ನಾನು ಮೂವರೂ ಅದನ್ನು ಹಿಡಿದುಕೊಂಡು ವಾರ್ಡ್ ಕಚೇರಿಗೆ ಹೋದೆವು. ಇಂಜಿನಿಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

'ಏನ್ ಮೇಡಂ ಇದು, ಅರ್ಜೀನಾ ರಂಗೋಲೀನಾ?'

'ತಾಯಂದಿರ ಗುರುತು ಸಾರ್.'

'ಒಬ್ಳೇ ಹೆಂಗ್ಸು ಹತ್ತು ಬೆರಳೂ ಒತ್ತಿದ್ರೆ ನಂಗೇನ್ ಗೊತ್ತಾಗತ್ತೆ? ಯಾರು ಯಾರು ಅಂತ ಗುರುತು ಸಿಗ್ಬೇಕಲ್ಲ!'

ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ಮೆಟ್ಟಿಲು ಇಳಿಯುವಾಗ ಅಕ್ಕಯಮ್ಮ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು. ಶಾಯಿ ಹೋಗಲಿಲ್ಲ.

ನಾಳೆಯಿಂದ ಶಾಲೆ ಬಿಟ್ಟ ಮೇಲೆ ಅವರಿಗೆ ಪಾಠ ಶುರು ಮಾಡುತ್ತೇನೆ. ಅಕ್ಷರಮಾಲೆ ಇಲ್ಲ. ಅವರವರ ಹೆಸರು, ಅಷ್ಟೇ.

ನಿಮ್ಮ
ಶರ್ವಾಣಿ


ಗುಲ್ಬರ್ಗಾ
೩ ಆಗಸ್ಟ್ ೧೯೯೪

ಚಿ. ಶರ್ವಾಣಿ,

ರೊಟ್ಟಿ ಅಗಿಯುತ್ತಿದ್ದೇನೆ. ಹಲ್ಲು ಇನ್ನೂ ನನ್ನವೇ ಎಂದು ಅಕ್ಕನಿಗೆ ಹೇಳು.

ಕಚೇರಿಯಲ್ಲಿ ನನಗೇನು ಕೆಲಸವೆಂದು ಚಿಕ್ಕವಳಿದ್ದಾಗ ನೀನು ಕೇಳಿದ್ದೆ. ಎರಡು ಸಹಿ ಪಕ್ಕಪಕ್ಕ ಇಟ್ಟು, ಹಾಕಿದವರು ಒಬ್ಬರೇನಾ ಎಂದು ತಾಳೆ ನೋಡುವುದು ಎಂದಿದ್ದೆ. ಇಂದಿಗೂ ಅದೇ. ಆ ಅನುಭವದಿಂದ ಹೇಳುತ್ತೇನೆ: ಹೆಬ್ಬೆಟ್ಟಿನಷ್ಟು ಖಚಿತವಾದ ಗುರುತು ಇನ್ನೊಂದಿಲ್ಲ. ಅದನ್ನು ಓದಲು ಬಾರದವನು ನಿಮ್ಮ ಇಂಜಿನಿಯರು. ಆದರೆ ಕುರ್ಚಿಯಲ್ಲಿ ಕೂತವನಿಗೆ ಓದಲು ಬಾರದಿದ್ದರೆ, ನಿಂತವರೇ ಅವನಿಗೆ ತಿಳಿಯುವ ಹಾಗೆ ಬರೆಯಬೇಕಾಗುತ್ತದೆ. ಆದ್ದರಿಂದ ನಿನ್ನ ದಾರಿ ಸರಿ.

ಎರಡು ಮಾತು. ಅಂದವಾಗಿ ಬರೆಯಿಸಬೇಡ, ಒಂದೇ ಥರ ಬರೆಯಿಸು, ದಿನಾ ಬರೆಯಿಸು. ಸಹಿ ಅಂದರೆ ಅಭ್ಯಾಸ. ಇನ್ನೊಂದು, ಕಚೇರಿಗಳಲ್ಲಿ ಇಂಥ ಹೆಂಗಸರು ಪೆನ್ನು ಕೇಳಿದರೆ ಶಾಯಿಯ ಪ್ಯಾಡು ಮುಂದೆ ಬರುತ್ತದೆ. ಅವರವರ ಪೆನ್ನು ಅವರವರ ಹತ್ತಿರವೇ ಇರಲಿ.

ಅರ್ಜಿಯವರೆಗೆ ಸಾಕು. ಅದರಾಚೆ ಹೋಗಬೇಡ.

ಆಶೀರ್ವಾದಗಳೊಂದಿಗೆ,
ನಾರಾಯಣ


ಜೀವನ್‌ಬಿಮಾ ನಗರ
೨೬ ಫೆಬ್ರವರಿ ೧೯೯೫

ನಾಣಿ ಮಾಮನಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಹೇಳಲು ಏನಾದರೂ ಆಗಲಿ ಎಂದು ಕಾದೆ.

ನಿಮ್ಮ ಮಾತಿನಂತೆಯೇ ಮಾಡಿದೆ. ಬಾಗಿಲ ಬಳಿ ಒಂದು ದೊಡ್ಡ ಸ್ಲೇಟು ಇಟ್ಟಿದ್ದೇನೆ. ಒಳಗೆ ಬರುವವರು ಅದರ ಮೇಲೆ ಹೆಸರು ಬರೆದು ಬರಬೇಕು. ಅದೇ ಹಾಜರಿ. ಬರೆದರೆ ಬಂದ ಹಾಗೆ. ಬರೆಯದಿದ್ದರೆ ಕಣ್ಣೆದುರು ಕೂತಿದ್ದರೂ ಇಲ್ಲದ ಹಾಗೆ. ಮೊದಮೊದಲು ಸ್ಲೇಟಿನ ಹತ್ತಿರ ಜಗಳವೇ ಆಗುತ್ತಿತ್ತು. ಅಕ್ಕಯಮ್ಮನ ಹೆಸರಿನಲ್ಲಿ ಎರಡು ಒತ್ತಕ್ಷರ. 'ನಮ್ಮಪ್ಪ ಯಾಕವ್ವಾ ಇಂಥಾ ಹೆಸರಿಕ್ದ? ಎರಡೆರಡು ಕೆಳಗೆ ನೇತಾಡ್ತವೆ, ಕೆಚ್ಚಲಂಗೆ!' ಎಂದು ದಿನಾ ಗೋಳಾಡಿದಳು. ಈಗ ಆ ಎರಡು ಒತ್ತುಗಳನ್ನು ಎಲ್ಲಕ್ಕಿಂತ ದಪ್ಪಗೆ ಬರೆಯುತ್ತಾಳೆ.

ಇಮಾಮ್ ಬೀ ಅವರದು ಬೇರೆಯೇ ಕಥೆ. ಬರೆಯುವುದೆಂದರೆ ಬಲದಿಂದ ಎಡಕ್ಕೆ ಎಂದು ಅವರ ಮನಸ್ಸಿನಲ್ಲಿ ಕೂತಿದೆ, ಚಿಕ್ಕಂದಿನಲ್ಲಿ ಕುರಾನು ಓದುವುದನ್ನು ಕಲಿತವರಲ್ಲವೇ. ಹಾಗಾಗಿ ಮೊದಲು ಬಲತುದಿಯಲ್ಲಿ 'ಬೀ' ಬರೆಯುತ್ತಾರೆ. ಆಮೇಲೆ ಅದರ ಎಡಕ್ಕೆ 'ಮ್', ಅದರ ಎಡಕ್ಕೆ 'ಮಾ'. 'ಇ' ಬರೆಯುವ ಹೊತ್ತಿಗೆ ಸ್ಲೇಟಿನ ಅಂಚು ಬಂದುಬಿಟ್ಟಿರುತ್ತದೆ. ಅದನ್ನು ಹೇಗೋ ತುರುಕುತ್ತಾರೆ. ಬರೆದಾದ ಮೇಲೆ ನೋಡಿದರೆ ಹೆಸರು ಸರಿಯಾಗಿಯೇ ಇರುತ್ತದೆ! ತಿದ್ದಬೇಕೆಂದುಕೊಂಡೆ. ಮನಸ್ಸಾಗಲಿಲ್ಲ.

ಹೋದ ಸೋಮವಾರ ಹೊಸ ಅರ್ಜಿ ತೆಗೆದುಕೊಂಡು ಎಲ್ಲರೂ ಕಚೇರಿಗೆ ಹೋದೆವು. ಸಹಿಗಳಿಲ್ಲದ ಅರ್ಜಿ, ಕೆಳಗೆ ಖಾಲಿ ಜಾಗ. ಇಂಜಿನಿಯರು ನಿಟ್ಟುಸಿರು ಬಿಟ್ಟು ಶಾಯಿಯ ಪ್ಯಾಡನ್ನು ಮುಂದಕ್ಕೆ ತಳ್ಳಿದರು. ಆಗ, ಮಾಮ, ಒಬ್ಬೊಬ್ಬರೇ ರವಿಕೆಯೊಳಗಿಂದ ಪೆನ್ನು ತೆಗೆದರು. ಇಮಾಮ್ ಬೀ ಬಲತುದಿಯಿಂದ ಶುರುಮಾಡಿದಾಗ ಇಂಜಿನಿಯರಿಗೆ ತಡೆಯಲಾಗಲಿಲ್ಲ.

'ಎಲ್ಲಿಂದ ಬರೀತಿದೀಯಮ್ಮಾ?'

'ನನ್ನ ಹೆಸರು ಸಾರ್. ಎಲ್ಲಿಂದಾದ್ರೂ ಬರೀತೀನಿ.'

ಗುರುವಾರ ಲಾರಿಗಳು ಹೋದವು. ಅಂಗಳ ಇಷ್ಟು ಅಗಲವಾಗಿದೆಯೆಂದು ನನಗೂ ಗೊತ್ತಿರಲಿಲ್ಲ. ಮಕ್ಕಳು ಓಡಲಿಲ್ಲ, ಸುಮ್ಮನೆ ನಿಂತು ನೋಡಿದರು. ಅರ್ಜಿಯ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ.

ಶರ್ವಾಣಿ


ಗುಲ್ಬರ್ಗಾ
೧೧ ಮಾರ್ಚ್ ೧೯೯೫

ಚಿ. ಶರ್ವಾಣಿ,

ನಕಲನ್ನು ಕಚೇರಿಗೆ ಒಯ್ದು, ಊಟದ ಬಿಡುವಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ನೋಡಿದೆ. 'ಯಾವ ಪಾಲಿಸಿ ಸಾರ್?' ಎಂದು ಜವಾನ ಕೇಳಿದ.

ಇಮಾಮ್ ಬೀ ಅವರ ಹೆಸರಿನಲ್ಲಿ 'ಬೀ' ಕಾಲು ಚಾಚಿ ಕೂತಿದೆ, 'ಇ' ಬಾಗಿಲ ಸಂದಿಯಲ್ಲಿ ನಿಂತಿದೆ. ಇದನ್ನು ಸಾವಿರ ಸಹಿಗಳ ನಡುವೆ ಇಟ್ಟರೂ ಹುಡುಕಿಕೊಡುತ್ತೇನೆ. ನಕಲನ್ನು ಹಿಂದಿರುಗಿಸುವುದಿಲ್ಲ.

ನಾರಾಯಣ


ಜೀವನ್‌ಬಿಮಾ ನಗರ
೨೫ ಆಗಸ್ಟ್ ೧೯೯೬

ನಾಣಿ ಮಾಮನಿಗೆ ನಮಸ್ಕಾರ.

ನಿಮಗೆ ಬೇರೆಯವರಿಂದ ತಿಳಿಯುವುದು ಬೇಡ. ಪಾಲಿಕೆಯ ಚುನಾವಣೆ ಬರುತ್ತಿದೆ. ನಮ್ಮ ಶಾಲೆಯಿರುವ ವಾರ್ಡು ಈ ಸಲ ಮಹಿಳೆಯರಿಗೆ ಮೀಸಲು. ನಾನು ನಿಲ್ಲಬೇಕೆಂದಿದ್ದೇನೆ. ಪಾಲಿಕೆ ಶಾಲೆಯ ಟೀಚರು ಪಾಲಿಕೆಗೆ ನಿಲ್ಲುವ ಹಾಗಿಲ್ಲ. ಆದ್ದರಿಂದ ಕೆಲಸಕ್ಕೆ ರಾಜೀನಾಮೆ ಕೊಡಬೇಕಾಗುತ್ತದೆ.

ಲಾರಿಗಳು ವಾಪಸು ಬಂದಿವೆ. ಇಂಜಿನಿಯರು ಬದಲಾದರು, ಹೊಸಬರಿಗೆ ಹಳೆಯ ಅರ್ಜಿ ಬೇಕಿಲ್ಲ. ಮತ್ತೊಂದು ಅರ್ಜಿ ಬರೆಯಲು ಕೂತಾಗ ಇಮಾಮ್ ಬೀ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು.

'ಎಷ್ಟು ಸಲ ಅರ್ಜಿ ಕೊಡೋದು ಟೀಚರಮ್ಮಾ? ನಾವು ಬರೀತಾನೇ ಇರ್ತೀವಿ, ಅವರು ಬದಲಾಗ್ತಾನೇ ಇರ್ತಾರೆ. ಅರ್ಜಿ ತಗೊಳ್ಳೋ ಕಡೇನೇ ಹೋಗಿ ನೀವು ಕೂತ್ಕೊಳ್ಳಿ.'

ನಗೆಯಾಡಿ ಪೆನ್ನು ವಾಪಸು ತೆಗೆದುಕೊಂಡೆ. ಆದರೆ ಆ ಮಾತು ನನ್ನ ಜೊತೆಗೇ ಮನೆಗೆ ಬಂತು.

ಹಲಸೂರಿನ ಮುನಿಆಂಜನಪ್ಪನವರು ನಿಮಗೆ ನೆನಪಿರಬಹುದು. ಹಿಂದೆ ಹಲಸೂರು ಕೆರೆಯ ಆಚೆ ರಾಗಿ ಬೆಳೆಯುತ್ತಿದ್ದವರು, ಈಗ ಆ ಹೊಲಗಳ ಮೇಲೆಲ್ಲ ಅವರ ಬಾಡಿಗೆ ಮನೆಗಳು. ಅವರು ಸೊಸೆ ರಮ್ಯಶ್ರೀಯನ್ನು ನಿಲ್ಲಿಸುತ್ತಿದ್ದಾರೆ. ಗೋಡೆಗಳ ಮೇಲೆ ಪೋಸ್ಟರು ಆಗಲೇ ಬಂದಿದೆ. ಕೈ ಮುಗಿದ ಮಾವ ಆಳೆತ್ತರ, ಸೊಸೆ ಅಂಚೆಚೀಟಿಯಷ್ಟು. ನಿನ್ನೆ ಅವರೇ ಶಾಲೆಗೆ ಬಂದಿದ್ದರು.

'ನಮ್ಮ್ ಸೊಸೆ ನಿಂತವ್ಳೆ ಟೀಚರಮ್ಮ. ನೀವ್ಯಾಕ್ ಸುಮ್ನೆ ಬಿಸ್ಲಲ್ಲಿ ಅಲೀತೀರಾ? ನೀವ್ ಬಿಮಾ ನಗರದೋರು, ಫ್ಯಾನ್ ಕೆಳ್ಗಿರೋರು. ಮಕ್ಳಿಗ್ ಪಾಠ ಹೇಳ್ಕೊಡಿ, ಊರ್ ನೋಡ್ಕೊಳಾಕ್ ನಾವಿದೀವಿ.'

'ಅಂಗಳದಲ್ಲಿರೋ ಲಾರೀನೂ ನೋಡ್ಕೊಳ್ತೀರಾ?' ಎಂದು ಕೇಳಿದೆ.

'ಲಾರಿ ಎಲ್ಲೋ ಒಂದ್ ಕಡೆ ನಿಲ್ಬೇಕಲ್ಲಮ್ಮ' ಎಂದರು.

ನನಗೆ ಈ ಟೀಚರು ಕೆಲಸ ಸಿಗಲೆಂದು ನೀವು ಎಷ್ಟು ಬಾಗಿಲು ತಟ್ಟಿದ್ದಿರೆಂದು ನನಗೆ ಗೊತ್ತು. ಅಮ್ಮ ಮಾತು ಬಿಟ್ಟಿದ್ದಾಳೆ. ನೀವು ಬಿಡಬೇಡಿ.

ಶರ್ವಾಣಿ


ಗುಲ್ಬರ್ಗಾ
೪ ಸೆಪ್ಟೆಂಬರ್ ೧೯೯೬

ಶರ್ವಾಣಿ,

ನಾನು ಓದುವ ಪರದೇಶದ ಕಾದಂಬರಿಗಳಲ್ಲಿ ರಾಜೀನಾಮೆ ಕೊಡುವವರು ಬಹಳ. ಸಂಬಳ ನಿಂತ ಮೇಲೆ ಅವರು ಅಕ್ಕಿಗೆ ಏನು ಮಾಡಿದರೆಂದು ಮಾತ್ರ ಯಾರೂ ಬರೆದಿಲ್ಲ.

ಅರ್ಜಿಯವರೆಗೆ ಸಾಕು ಎಂದಿದ್ದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಾರಾಯಣ


(ಅಂಚೆ ಕಾರ್ಡು)

ಮರ್ಫಿ ಟೌನ್
೯ ಅಕ್ಟೋಬರ್ ೧೯೯೬

ಮಾಮ,

ನಿಮ್ಮಿಂದ ಪತ್ರವಿಲ್ಲ. ನಾನೂ ಏನೂ ಕೇಳುತ್ತಿಲ್ಲ. ರಾಜೀನಾಮೆ ಅಂಗೀಕಾರವಾಯಿತು. ಪಕ್ಷೇತರಳಾಗಿ ನಿಂತಿದ್ದೇನೆ. ನನಗೆ ಸಿಕ್ಕ ಚುನಾವಣೆಯ ಗುರುತು: ಸ್ಲೇಟು. ಅಧಿಕಾರಿ ಚೀಟಿ ಬಿಚ್ಚಿ ಹೇಳಿದಾಗ ಅಕ್ಕಯಮ್ಮ ಕಚೇರಿಯಲ್ಲೇ ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಶ.


(ಅಂಚೆ ಕಾರ್ಡು)

ಗುಲ್ಬರ್ಗಾ
೧೫ ಅಕ್ಟೋಬರ್ ೧೯೯೬

ಚಿ. ಶರ್ವಾಣಿ,

ಗೋಡೆಯ ಮೇಲೆ ಬರೆಯಲು ಒಂದು ಸಾಲು ಬೇಕಾದೀತು. 'ನಿಮ್ಮ ಗುರುತು ಸ್ಲೇಟಿನ ಮೇಲಿರಲಿ.' ಚಿಕ್ಕದು, ಸುಣ್ಣ ಉಳಿಯುತ್ತದೆ. ಬಿಸಿಲಲ್ಲಿ ಹೋಗುವಾಗ ತಲೆಗೆ ಏನಾದರೂ ಹಾಕಿಕೋ.

ನಿನ್ನ ಮಾಮ


ಜೀವನ್‌ಬಿಮಾ ನಗರ
೩ ನವೆಂಬರ್ ೧೯೯೬

ನಾಣಿ ಮಾಮನಿಗೆ ನಮಸ್ಕಾರ.

ನಿಮ್ಮ ಸಾಲು ಮರ್ಫಿ ಟೌನಿನ ಪ್ರತಿ ಗೋಡೆಯ ಮೇಲೂ ಇದೆ. ಅದನ್ನು ಓದಲು ಬರುವವರು ಓದಲು ಬಾರದವರಿಗೆ ಓದಿ ಹೇಳಿದ್ದಾರೆ. ನಮ್ಮಲ್ಲಿ ಮೈಕು, ಜೀಪು ಏನೂ ಇರಲಿಲ್ಲ. ಸಂಜೆಯಾದರೆ ಹೆಂಗಸರು ಸ್ಲೇಟು ಹಿಡಿದು ಬೀದಿಯ ತುದಿಯಲ್ಲಿ ನಿಲ್ಲುತ್ತಿದ್ದರು, ಅಷ್ಟೇ.

ಇವತ್ತು ಮತದಾನ. ನಮ್ಮ ಶಾಲೆಯೇ ಮತಗಟ್ಟೆ. ನಾನು ಪಾಠ ಹೇಳುತ್ತಿದ್ದ ಕೋಣೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು. ಮತಪತ್ರ ಕೊಡುವ ಮೊದಲು ಒಂದು ಸಹಿ ಹಾಕಬೇಕು, ಬಾರದವರು ಹೆಬ್ಬೆಟ್ಟು ಒತ್ತಬೇಕು. ಮೊದಲು ಹೋದವರು ನಮ್ಮ ಸಂಜೆಯ ಪಾಠಕ್ಕೆ ಬರುವ ಬದ್ರುನ್ನೀಸಾ. ಅಧಿಕಾರಿ ತಲೆಯೆತ್ತದೆ ಪ್ಯಾಡು ತಳ್ಳಿದರಂತೆ. ಇವರು ಪೆನ್ನು ತೆಗೆದು ಸಹಿ ಮಾಡಿ, ಪ್ಯಾಡಿನ ಮುಚ್ಚಳವನ್ನು ತಾವೇ ಮುಚ್ಚಿದರಂತೆ. ಒಳಗಿದ್ದ ನಮ್ಮ ಏಜೆಂಟ್ ಅಕ್ತರ್ ಭಾಯ್ ಹೊರಗೆ ಬಂದು ಹೇಳಿದರು: 'ಬೆಳಗ್ಗೆಯಿಂದ ಹೆಂಗಸರು ಆ ಪ್ಯಾಡ್ ಮುಟ್ಟೇ ಇಲ್ಲ ಮೇಡಂ. ಶಾಯಿ ಒಣಗೋಯ್ತು.'

ಗೋಡೆಗೆ ಒರಗಿ ನಿಂತೆ. ಸೋಲಲಿ ಗೆಲ್ಲಲಿ, ಇದನ್ನು ನೋಡಿದೆನಲ್ಲ.

ಅಮ್ಮ ಮೊದಲ ಬಾರಿ ಮಾತಾಡಿದಳು: 'ಕೆಲ್ಸ ಬಿಟ್ಟಿದ್ದಕ್ಕೆ ಒಂದು ಪ್ಯಾಡ್ ಒಣಗಿಸಿದೆ, ಬಾ ಊಟಕ್ಕೆ.' ಆದರೆ ನಗುತ್ತಿದ್ದಳು.

ಶರ್ವಾಣಿ


ಜೀವನ್‌ಬಿಮಾ ನಗರ
೧೮ ನವೆಂಬರ್ ೧೯೯೬

ಮಾಮ,

ಸೋತೆ. ನಿಮಗೆ ಪತ್ರಿಕೆಯಿಂದ ತಿಳಿದಿರಬಹುದು. ಹೇಗೆ ಸೋತೆನೆಂಬುದು ಪತ್ರಿಕೆಯಲ್ಲಿ ಬಂದಿಲ್ಲ. ಅದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಎಣಿಕೆಯ ಮೇಜಿನ ಒಂದು ಬದಿಯಲ್ಲಿ ನಾನು, ಇನ್ನೊಂದು ಬದಿಯಲ್ಲಿ ರಮ್ಯಶ್ರೀ. ಅವಳ ಮಾವ ಬಾಗಿಲ ಹತ್ತಿರ ಜನರ ನಡುವೆ ಇದ್ದರು. ನನ್ನ ಕಟ್ಟು, ಅವಳ ಕಟ್ಟು ಜೊತೆಜೊತೆಗೇ ಬೆಳೆಯುತ್ತಿದ್ದವು. ನಮ್ಮ ಶಾಲೆಯ ಪೆಟ್ಟಿಗೆ ತೆರೆದಾಗ ಎಣಿಸುವವರು ಒಂದು ಚೀಟಿ ಬಿಡಿಸಿ ನಿಂತುಬಿಟ್ಟರು. ಇನ್ನೊಂದು ಬಿಡಿಸಿದರು. ಆಮೇಲೆ ಚುನಾವಣಾಧಿಕಾರಿಯನ್ನು ಕರೆದರು. ಅವರು ಒಳ್ಳೆಯ ಮನುಷ್ಯ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು, 'ಮೇಡಂ, ನಿಯಮ ನಿಮಗೂ ಗೊತ್ತಲ್ವಾ? ವೋಟು ಹಾಕಿದೋರ ಗುರುತು ಸಿಗೋ ಹಾಗಿದ್ರೆ ಅದು ಅಸಿಂಧು.'

ನೋಡಿದೆ. ನನ್ನ ಹೆಸರಿನ ಮುಂದೆ ಮುದ್ರೆ ಸರಿಯಾಗಿಯೇ ಬಿದ್ದಿತ್ತು. ಅದರ ಪಕ್ಕದಲ್ಲಿ ಅಚ್ಚಾಗಿದ್ದ ಪುಟ್ಟ ಸ್ಲೇಟಿನ ಚಿತ್ರದ ಮೇಲೆ, ನೀಲಿ ಪೆನ್ನಿನಲ್ಲಿ, ವೋಟು ಹಾಕಿದವರ ಹೆಸರಿತ್ತು.

ಒಂದಲ್ಲ, ಚೀಟಿಯ ಮೇಲೆ ಚೀಟಿ. ಮುದ್ರೆ, ಹೆಸರು. ಮುದ್ರೆ, ಹೆಸರು. ನಾನು ಕಲಿಸಿದ ಹಾಜರಿ. ಸ್ಲೇಟು ಕಂಡ ಮೇಲೆ ಹೆಸರು ಬರೆಯದೆ ಅವರು ಹೇಗೆ ಬಂದಾರು? ಗೋಡೆಯ ಮೇಲಿನ ಸಾಲೂ ಅದನ್ನೇ ಹೇಳುತ್ತಿತ್ತು.

ಮತ ಗುಟ್ಟು, ಕಂಡ ಹೆಸರುಗಳನ್ನು ನಾನು ಹೊರಗೆ ಹೇಳಬಾರದು. ನಿಮಗೊಬ್ಬರಿಗೆ ಹೇಳುತ್ತೇನೆ. ಒಂದು ಚೀಟಿಯಲ್ಲಿ 'ಬೀ' ಸ್ಲೇಟಿನೊಳಗೆ ಕಾಲು ಚಾಚಿ ಕೂತಿತ್ತು. 'ಇ' ಜಾಗ ಸಾಲದೆ ಚೌಕಟ್ಟಿನ ಮೇಲೆ ಹತ್ತಿ ನಿಂತಿತ್ತು.

ನನ್ನನ್ನು ನಡುಗಿಸಿದ್ದು ಅದಲ್ಲ. ಆ ಕಟ್ಟಿನಲ್ಲಿ ನನಗೆ ಗೊತ್ತಿಲ್ಲದ ಹೆಸರುಗಳಿದ್ದವು. ನನ್ನ ತರಗತಿಗೆ ಒಂದು ದಿನವೂ ಬಾರದವರು, ನಾನು ಮುಖ ನೋಡದವರು. ಉಮ್ಮೆ ಕುಲ್ಸುಂ ಅಂತೆ, ಪಾಪಮ್ಮ ಅಂತೆ, ಸೆಲ್ವಿ ಅಂತೆ. ಹೆಸರಿನ ಮೇಲೆ ಹೆಸರು. ಅವರಿಗೆ ಯಾರು ಕಲಿಸಿದರು? ಆಮೇಲೆ ಕಣ್ಣಿಗೆ ಬಿತ್ತು. ಆ ಎಲ್ಲ ಹೆಸರುಗಳಲ್ಲೂ ಕೊನೆಯ ಅಕ್ಷರ ಬಲಗಡೆ ಆರಾಮಾಗಿ ಕೂತಿತ್ತು. ಮೊದಲನೆಯದು ಎಡಗಡೆ ಇರುಕಿಕೊಂಡಿತ್ತು. ಎಲ್ಲರೂ ಬಲದಿಂದ ಬರೆದಿದ್ದರು.

ಮಾಮ, ಅವರ ಟೀಚರು ನಾನಲ್ಲ.

ಆ ತಿರಸ್ಕೃತ ಕಟ್ಟು ನನಗೂ ರಮ್ಯಶ್ರೀಗೂ ಇದ್ದ ಅಂತರಕ್ಕಿಂತ ದಪ್ಪಗಿತ್ತು. ಮರು ಎಣಿಕೆ ಕೇಳಿ ಎಂದು ಅಕ್ತರ್ ಭಾಯ್ ಕೂಗಾಡಿದರು. ಎಷ್ಟು ಸಲ ಎಣಿಸಿದರೂ ಅವು ಹೆಸರುಗಳೇ. ಕೇಳಲಿಲ್ಲ. ಹಾರ ತರಲು ಮಾವ ಹೊರಗೆ ಹೋದಾಗ ರಮ್ಯಶ್ರೀ ನನ್ನ ಹತ್ತಿರ ಬಂದಳು. ಅವಳೂ ಆ ಚೀಟಿಗಳನ್ನು ನೋಡಿದ್ದಳು.

'ಅಕ್ಕಾ, ನಂಗ್ ಬಿದ್ದಿದ್ದೆಲ್ಲ ಮಾವನಿಗ್ ಬಿದ್ದಿದ್ದು. ನಿಮಗ್ ಬಿದ್ದಿರೋದು ನಿಮಗೇ.'

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹಾರ ಹಾಕಿಸಿಕೊಳ್ಳಲು ಹೋದಳು.

ಹೆಂಗಸರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮತ್ತೆಂದೂ ಪೆನ್ನು ಹಿಡಿಯಲಾರರು ಎಂದು ಹೆದರಿಕೆ.

ಶರ್ವಾಣಿ


ಗುಲ್ಬರ್ಗಾ
೨೬ ನವೆಂಬರ್ ೧೯೯೬

ಚಿ. ಶರ್ವಾಣಿ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ಗೋಡೆಯ ಸಾಲು ನನ್ನದು. ಪೆನ್ನಿನ ಬುದ್ಧಿಯೂ ನನ್ನದೇ.

ನನ್ನ ಮೇಜಿನ ಮೇಲೆ ಬರುವ ಪ್ರತಿ ಸಹಿಯೂ ಏನನ್ನೋ ಕೇಳಲು ಬರುತ್ತದೆ. ಏನನ್ನೂ ಕೇಳದೆ, ನಾನಿದ್ದೇನೆ ಎಂದಷ್ಟೇ ಹೇಳುವ ಸಹಿಯನ್ನು ನಾನು ಈವರೆಗೆ ಕಂಡಿಲ್ಲ. ನೀನು ಒಂದು ಕಟ್ಟು ಕಂಡೆ.

ಅವರಿಗೆ ಹೇಳು. ಹೆಸರು ಬರೆಯಲು ಕಲಿತವರು ಇದನ್ನೂ ತಾಳಿಕೊಳ್ಳುತ್ತಾರೆ. ಹೇಳದಿದ್ದರೆ ಅವರನ್ನು ಮಕ್ಕಳಂತೆ ಕಂಡ ಹಾಗಾಗುತ್ತದೆ.

ಒಂದು ಪ್ರಶ್ನೆ. ಆ ಹೆಸರುಗಳಲ್ಲಿ ಕಾಗುಣಿತದ ತಪ್ಪು ಇತ್ತೇ?

ನಿನ್ನ ಮಾಮ


ಜೀವನ್‌ಬಿಮಾ ನಗರ
೧೨ ಜನವರಿ ೧೯೯೭

ನಾಣಿ ಮಾಮನಿಗೆ ನಮಸ್ಕಾರ.

ತಪ್ಪಿರಲಿಲ್ಲ. ಉಮ್ಮೆ ಕುಲ್ಸುಂ ಹೆಸರಿನ ಕೊನೆಯ ಸೊನ್ನೆ ಕೂಡ ಜಾಗದಲ್ಲಿತ್ತು. ಬಲದಿಂದ ಬರೆಯುವವರಿಗೆ ಅದು ಕೊನೆಯದಲ್ಲ, ಮೊದಲನೆಯದು. ಪಾಪ, ಅವರು ಸೊನ್ನೆಯಿಂದಲೇ ಶುರು ಮಾಡಿದವರು.

ಇಂದಿರಾನಗರದಲ್ಲಿ ಎರಡು ಮನೆಗಳಲ್ಲಿ ಟ್ಯೂಷನ್ ಹೇಳುತ್ತೇನೆ. ಅಕ್ಕಿಗೆ ತೊಂದರೆಯಿಲ್ಲ.

ಮೊದಲು ಇಮಾಮ್ ಬೀ ಅವರ ಮನೆಗೆ ಹೋಗಿ ಹೇಳಿದೆ. ಹೊಸ್ತಿಲ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದರು. ಸೂಜಿ ನಿಂತಿತು.

'ಅಂದ್ರೆ ನಮ್ಮಿಂದಾನೇ ಸೋತ್ರಾ?'

ನಾನೂ ಅವರ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತೆ.

'ಮುದ್ರೆ ಒತ್ತಿದೆ ಟೀಚರಮ್ಮಾ, ನೀವು ಹೇಳಿದಂಗೇ. ಒತ್ತಿ ನೋಡ್ದೆ. ಯಾರೊತ್ತಿದ್ರೂ ಅದು ಒಂದೇ ಥರಾ ಬೀಳ್ತದೆ. ಇದು ಇಮಾಮ್ ಬೀ ಹಾಕಿದ್ದು ಅಂತ ನಿಮಗೆಂಗೆ ಗೊತ್ತಾಗ್ಬೇಕು? ಅದಕ್ಕೇ ಬರದೆ.'

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ ಸಿಟ್ಟು ಬಂತು.

'ಅಲ್ಲಾ, ಹೆಬ್ಬೆಟ್ಟು ಒತ್ತಿದ್ರೆ ಯಾರದು ಅಂತ ಗುರುತು ಸಿಗಲ್ಲ ಅಂತಾರೆ, ತಗೊಳ್ಳಲ್ಲ. ಹೆಸರು ಬರದ್ರೆ ಗುರುತು ಸಿಗ್ತದೆ ಅಂತಾರೆ, ತಗೊಳ್ಳಲ್ಲ. ಕ್ಯಾ ಹೋನಾ ಇನ್ಕೋ? ಏನ್ ಬೇಕಂತೆ ಇವರಿಗೆ?'

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಬರೆಯಿರಿ ಮಾಮ.

ಎದ್ದು ಹೊರಡುವಾಗ ಅವರ ಗೋಡೆ ನೋಡಿದೆ. ಹೊಸ್ತಿಲ ಪಕ್ಕದಲ್ಲಿ, ಕೂತವರ ಕೈಗೆಟುಕುವಷ್ಟು ಎತ್ತರದಲ್ಲಿ, ಗೋಡೆಯೆಲ್ಲ ಇದ್ದಿಲಿನ ಹೆಸರುಗಳು. ಬರೆದು ಅಳಿಸಿದ್ದು, ಅಳಿಸಿ ಬರೆದದ್ದು. 'ಕಾಜಾ ಕಲಿಯೋಕೆ ಬರ್ತಾರಲ್ಲಾ ಹುಡುಗೀರು, ಅವರ ಅಮ್ಮಂದಿರು, ಅವರಿಗೆ' ಎಂದರು, ಅದೇನು ದೊಡ್ಡ ಸಂಗತಿ ಎಂಬಂತೆ. ನಾನು ಆ ಗೋಡೆಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದೆ. ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಶರ್ವಾಣಿ


ಜೀವನ್‌ಬಿಮಾ ನಗರ
೨೫ ನವೆಂಬರ್ ೨೦೦೧

ನಾಣಿ ಮಾಮನಿಗೆ ನಮಸ್ಕಾರ.

ಗೆದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕೆಂದಿರುವುದು ಅದಲ್ಲ.

ಈ ಸಲ ವಾರ್ಡು ಮಹಿಳೆಯರಿಗೆ ಮೀಸಲಿರಲಿಲ್ಲ. ಐದು ವರ್ಷ ಸೊಸೆಯ ಹೆಸರಿನಲ್ಲಿ ಆಳಿದ ಮುನಿಆಂಜನಪ್ಪನವರು ತಾವೇ ನಿಂತಿದ್ದರು. ಪೋಸ್ಟರಿನಲ್ಲಿ ಸೊಸೆಯ ಅಂಚೆಚೀಟಿಯೂ ಇರಲಿಲ್ಲ. ನಾನು ಮತ್ತೆ ಸ್ಲೇಟನ್ನೇ ಕೇಳಿ ತೆಗೆದುಕೊಂಡೆ. ಎಲ್ಲರೂ ಬೇಡವೆಂದರು. ಹೆಂಗಸರು ಮಾತ್ರ ಬೇಕೆಂದರು.

ಒಳಗೆ ಬರೆಯಬೇಡಿ, ಮುದ್ರೆ ಮಾತ್ರ ಎಂದು ಬೀದಿಬೀದಿಯಲ್ಲಿ ಹೇಳಿದ್ದೆ. ತಲೆಯಾಡಿಸಿದ್ದರು. ಆದರೆ ಒಳಗೆ ಹೋದ ಮೇಲೆ ಸ್ಲೇಟಿನ ಚಿತ್ರ ಕಂಡಾಗ ಕೈ ಸುಮ್ಮನಿರುತ್ತದೆಯೇ ಎಂದು ನನಗೆ ಭಯವಿತ್ತು. ಭಯ ತೆಗೆದವರು ಇಮಾಮ್ ಬೀ. ಅವರ ಮನೆ, ಮತಗಟ್ಟೆಯ ಸುತ್ತ ಪ್ರಚಾರ ಕೂಡದೆಂದು ಎಳೆದ ಗೆರೆಯ ಆಚೆಗಿದೆ. ಬೆಳಗ್ಗೆ ನಮ್ಮ ಹಳೆಯ ಹಾಜರಿ ಸ್ಲೇಟನ್ನು ತಂದು ತಮ್ಮ ಹೊಸ್ತಿಲಿಗೆ ಒರಗಿಸಿ, ಪಕ್ಕದಲ್ಲಿ ಬಳಪ ಇಟ್ಟು ಕೂತರು. 'ಹೆಸರು ಇಲ್ಲಿ, ಮುದ್ರೆ ಅಲ್ಲಿ. ಪೆನ್ನು ನನ್ನ ಹತ್ರ ಇಟ್ಟು ಹೋಗಿ' ಎಂದು ಹೋಗುವವರನ್ನೆಲ್ಲ ತಡೆದು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅವರ ಮಡಿಲ ತುಂಬ ಪೆನ್ನು.

ಸ್ಲೇಟು ಬೇಗ ತುಂಬಿತು. ಅಳಿಸಿ ಜಾಗ ಮಾಡೋಣವೆಂದು ಅಕ್ಕಯಮ್ಮ ಒದ್ದೆ ಬಟ್ಟೆ ತಂದಳು. ಬರೆದವರು ಯಾರೂ ಒಪ್ಪಲಿಲ್ಲ. 'ನಂದ್ ಅಳಿಸ್ಬೇಡ, ಅವಳ್ದು ಅಳ್ಸು' ಎಂದು ಗಲಾಟೆ. ಕೊನೆಗೆ ಹೆಸರಿನ ಮೇಲೆಯೇ ಹೆಸರು ಬರೆಯತೊಡಗಿದರು. ಎಡದಿಂದ ಬರೆದವರು, ಬಲದಿಂದ ಬರೆದವರು. ಬಿಸಿಲು ಇಳಿಯುವಾಗ ರಮ್ಯಶ್ರೀ ಬಂದಳು. ಹೆಂಗಸರು ಸರಿದು ಜಾಗ ಬಿಟ್ಟರು. ಬಗ್ಗಿ, ಬಳಪ ತೆಗೆದುಕೊಂಡು, ಎಲ್ಲದರ ಮೇಲೆ ತನ್ನ ಹೆಸರು ಬರೆದು ಮತಗಟ್ಟೆಯ ಕಡೆಗೆ ನಡೆದಳು.

ಆಮೇಲೆ ಯಾರೋ ಹೇಳಿರಬೇಕು, ಮುನಿಆಂಜನಪ್ಪನವರು ಬಂದರು. ಸ್ಲೇಟನ್ನು ಎತ್ತಿ ದೂರ ಹಿಡಿದರು, ಹತ್ತಿರ ಹಿಡಿದರು, ತಲೆಕೆಳಗು ಮಾಡಿದರು.

'ಇದ್ರಾಗೆ ಯಾರ್ಯಾರ್ ಹೆಸ್ರೈತಮ್ಮ?'

'ಎಲ್ಲಾರ್ದೂ ಐತೆ ಯಜಮಾನ್ರೇ' ಎಂದಳು ಅಕ್ಕಯಮ್ಮ, 'ಓದ್ಕೊಳ್ಳಿ.'

ನಿನ್ನೆ ಎಣಿಕೆಯಲ್ಲಿ ನಮ್ಮ ಶಾಲೆಯ ಪೆಟ್ಟಿಗೆ ತೆರೆದಾಗ ಕಣ್ಣು ಮುಚ್ಚಿಕೊಂಡಿದ್ದೆ. ಒಂದು ಚೀಟಿಯಲ್ಲೂ ಹೆಸರಿರಲಿಲ್ಲ.

ಸ್ಲೇಟು ಈಗ ನಮ್ಮ ಮನೆಯಲ್ಲಿ, ನಿಮ್ಮ ಕಾದಂಬರಿಗಳ ಬೀರುವಿನ ಮೇಲಿದೆ. ಅದು ಈಗ ಕಪ್ಪಗಿಲ್ಲ ಮಾಮ, ಪೂರ್ತಿ ಬೆಳ್ಳಗಾಗಿದೆ. ಮಾರ್ಚಿನಲ್ಲಿ ನಿವೃತ್ತರಾಗಿ ಬಂದಾಗ ನೋಡುವಿರಂತೆ. ಅಲ್ಲಿಯವರೆಗೆ ಅದನ್ನು ಒರೆಸಬಾರದೆಂದು ಅಮ್ಮನಿಗೆ ಹೇಳಿದ್ದೇನೆ. ಭೂತಗನ್ನಡಿ ತನ್ನಿ. ನೀವು ಸಾವಿರ ಸಹಿಗಳ ನಡುವೆ ಹುಡುಕಿಕೊಡುತ್ತೇನೆಂದ ಆ 'ಬೀ' ಕೂಡ ಅದರಲ್ಲಿ ಸಿಗುವುದಿಲ್ಲ. ಎಲ್ಲರೂ ಬಂದಿದ್ದರು ಎಂದಷ್ಟೇ ಗೊತ್ತಾಗುತ್ತದೆ.

ಶರ್ವಾಣಿ